ಅರ್ಧ ಉಳಿದ ಸೂಕ್ಷ್ಮ

೨೦೧೯ನೇ ಇಸವಿ ನವೆಂಬರ್ ೧೪, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಸಸ್ಯಸಂಗ್ರಹಾಲಯದ ಮೊದಲ ಮಹಡಿಯಿಂದ ಒಂದು ಕೂಗು ಕೇಳಿಸಿತು.

"ನನ್ನ ಪಾಚಿ! ಅಯ್ಯೋ, ನನ್ನ ಪಾಚಿ ಎಲ್ಲಿ?"

ಕೂಗಿದವರು ಪಾಚಿ ಮೇಷ್ಟ್ರು. ಗೋಡೆಯ ಪಾಚಿಯನ್ನು ಜನ ಉಜ್ಜಿ ತೆಗೆದರೆ, ಇವರು ಕನ್ನಡಕ ಏರಿಸಿಕೊಂಡು ಅದನ್ನು ಮಾತಾಡಿಸುವವರು. ಅವರು ಬರೆಯುತ್ತಿದ್ದ ಪುಸ್ತಕದ ನಲವತ್ತು ಪುಟ ಕಂಪ್ಯೂಟರಿನಲ್ಲಿತ್ತು. ಈಗ ಇಪ್ಪತ್ತೇ ಇದೆ. ಮಿಕ್ಕಿದ್ದು ಮಾಯ.

ಕಂಪ್ಯೂಟರುಗಳ ಉಸ್ತುವಾರಿಯವನು ಎರಡೆರಡು ಮೆಟ್ಟಿಲು ಹಾರಿ ಬಂದ. ಎಲ್ಲರ ಬಾಯಲ್ಲೂ ಅವನ ಹೆಸರು ‘ಹತ್ತು ನಿಮಿಷ’. ಹಲವರು ಹಂಚಿಕೊಂಡು ಬಳಸುವ ಯಂತ್ರ ಅದು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ, ಇದ್ದ ಕೆಲಸವನ್ನು ಇದ್ದ ಹಾಗೇ ಉಳಿಸಿ, ಖಾತೆ ಮುಚ್ಚಿ, ಕೂತಿದ್ದವರನ್ನು ತಾನಾಗಿಯೇ ಹೊರಹಾಕಬೇಕು ಎಂಬ ಏರ್ಪಾಡು ಮಾಡಿದವನು ಅವನೇ.

"ನಿನ್ನೆ ರಾತ್ರಿಯ ನಕಲು ನನ್ನ ಹತ್ರ ಭದ್ರವಾಗಿದೆ ಮೇಷ್ಟ್ರೇ. ನಿಮ್ಮ ಪಾಚಿ ಎಲ್ಲೂ ಹೋಗಿಲ್ಲ."

ಮೇಷ್ಟ್ರು ಉಸಿರು ಬಿಟ್ಟು ಕುರ್ಚಿಗೆ ಕುಸಿದರು. ಪಾಚಿ ಬದುಕಿತು. ಬದುಕುವುದು ಕಷ್ಟವಾದದ್ದು ಅಣಬೆಗೆ.

ಅಣಬೆ ಎಂದರೆ ಅಣಬೆಗಳ ಮೇಲೆ ಕೆಲಸ ಮಾಡುವ ಕಿರಿಯ ಸಂಶೋಧಕಿ. ಮುಂದಿನ ವಾರ ಅವಳ ಕೆಲಸ ಕಾಯಂ ಆಗುವುದಿತ್ತು. ಅಂದು ಬೆಳಿಗ್ಗೆಯೇ ಅವಳಿಗೂ ಮೇಷ್ಟ್ರಿಗೂ ಜಟಾಪಟಿ ನಡೆದಿತ್ತು. ಅಣಬೆ ಒಣಗಿಸುವ ಫ್ಯಾನನ್ನು ಅವಳು ಅಂದೇ ಮೊದಲ ಸಲ ಕಂಪ್ಯೂಟರಿನ ಮೇಜಿನ ತುದಿಗೆ ತಂದಿಟ್ಟಿದ್ದಳು. "ಮೇಜೆಲ್ಲ ಗಡಗಡ ಅಂತಿದೆ, ತೆಗಿಯಮ್ಮ ಅದನ್ನ" ಎಂದಿದ್ದರು ಮೇಷ್ಟ್ರು. "ಮೂರು ಹೊತ್ತೂ ಈ ಯಂತ್ರ ನಿಮಗೇ ಬೇಕು, ಮೇಜೂ ನಿಮಗೇ ಬೇಕಾ? ಒಂದಿನ ನಿಮ್ಮ ಪಾಚಿ ಪೂರ್ತಿ ಅಳಿಸಿಹೋಗುತ್ತೆ, ನೋಡ್ತಿರಿ!" ಎಂದಿದ್ದಳು ಅವಳು. ಕೇಳಿಸಿಕೊಂಡವರು ಒಬ್ಬಿಬ್ಬರಲ್ಲ.

ನಿರ್ದೇಶಕರು ಫೋನಿನಲ್ಲಿ ಎರಡೇ ಮಾತಾಡಿದರು. "ಬೇಕಂತಲೇ ಅಳಿಸಿದ್ದರೆ ಅಂಥವರು ನಮಗೆ ಬೇಡ. ಸಂಜೆಯೊಳಗೆ ವರದಿ ಕೊಡಿ."

ವರದಿ ಬರೆಯಬೇಕಾದವನು ಹತ್ತು ನಿಮಿಷ. ಯಂತ್ರದ ದಾಖಲೆ ಅಣಬೆಯ ಕಡೆಗೇ ಬೆರಳು ತೋರಿಸುತ್ತಿತ್ತು. ಮೇಷ್ಟ್ರು ಹತ್ತೂವರೆಗೆ ಎದ್ದು ಸೂಕ್ಷ್ಮದರ್ಶಕದ ಕೋಣೆಗೆ ಹೋದರು. ಯಾರೂ ಮುಟ್ಟದಿದ್ದರೆ ಹತ್ತು ನಲವತ್ತಕ್ಕೇ ಖಾತೆ ಮುಚ್ಚಬೇಕಿತ್ತು. ಮುಚ್ಚಿದ್ದು ಹನ್ನೊಂದು ಇಪ್ಪತ್ತಕ್ಕೆ. ಅಂದರೆ ಹನ್ನೊಂದು ಹತ್ತರವರೆಗೆ ಯಾರೋ ಕೀಲಿ ಒತ್ತುತ್ತಲೇ ಇದ್ದರು. ಹನ್ನೊಂದು ಇಪ್ಪತ್ತೊಂದಕ್ಕೆ ಅದೇ ಯಂತ್ರದಲ್ಲಿ ತನ್ನ ಖಾತೆ ತೆರೆದವಳು — ಅಣಬೆ.

"ನೀನು ಈ ಕಂಪ್ಯೂಟರ್ ಕೋಣೆಗೆ ಎಷ್ಟು ಹೊತ್ತಿಗೆ ಬಂದೆ?" ಕೇಳಿದವರು ದೀರ್ಘಮ್ಮ.

ಸಂಗ್ರಹಾಲಯದ ಪುಸ್ತಕಗಳ ಕರಡು ತಿದ್ದುವವರು ದೀರ್ಘಮ್ಮ. ಅಂಗಡಿಯ ಹಲಗೆಯಲ್ಲೂ ಬಿಟ್ಟುಹೋದ ದೀರ್ಘ ಹುಡುಕುವ ಚಾಳಿಯಿಂದ ಬಂದ ಹೆಸರದು. ವರದಿಯ ಕಾಗುಣಿತ ತಿದ್ದಿಸಿಕೊಳ್ಳುವ ನೆಪದಲ್ಲಿ ಹತ್ತು ನಿಮಿಷ ಅವರನ್ನು ಕರೆತಂದಿದ್ದ. ನಿಜವಾಗಿ ಅವನಿಗೆ ಬೇಕಿದ್ದದ್ದು ಧೈರ್ಯ.

"ಹನ್ನೊಂದು ದಾಟಿತ್ತು," ಎಂದಳು ಅಣಬೆ. ಕಣ್ಣು ಕೆಂಪಗಾಗಿತ್ತು. "ಬಂದೆ, ಕೀಬೋರ್ಡಿನ ಮೇಲಿದ್ದದ್ದನ್ನ ಎತ್ತಿ ಪಕ್ಕಕ್ಕಿಟ್ಟೆ. ಪರದೆ ಮೇಲೆ ಮೇಷ್ಟ್ರ ಹೆಸರಿತ್ತು. ಇನ್ನೇನು ಮುಟ್ಟೋದು ಅಂತ ಆಚೆ ಹೋದೆ."

"ಓದಲಿಲ್ವಾ?"

"ಪಾಚಿ ಬಗ್ಗೆ ನಾನ್ಯಾಕಮ್ಮ ಓದಲಿ?"

"ಆಮೇಲೆ?"

"ಹೇಗೂ ಹತ್ತು ನಿಮಿಷಕ್ಕೆ ಅದೇ ಅವರನ್ನ ಹೊರಗೆ ಹಾಕುತ್ತಲ್ಲ? ಬಾಗಿಲಲ್ಲೇ ಕಾದೆ. ಹಾಕಿದ ಮೇಲೆ ಬಂದು ಕೂತೆ. ಮೇಷ್ಟ್ರು ಬಂದಾಗ ಎದ್ದು ಜಾಗ ಬಿಟ್ಟೆ. ನನ್ನಾಣೆ, ಅಷ್ಟೇ."

"ನಿನಗಿಂತ ಮುಂಚೆ ಇಲ್ಲಿ ಯಾರಾದರೂ?"

"ಒಂದು ನರಪಿಳ್ಳೆಯೂ ಇರಲಿಲ್ಲ."

ಹತ್ತು ನಿಮಿಷ ತಲೆ ತಗ್ಗಿಸಿದ. ತನ್ನನ್ನು ಬಿಟ್ಟು ಯಾರೂ ಇರಲಿಲ್ಲ ಎಂದು ಇವಳೇ ಹೇಳುತ್ತಿದ್ದಾಳಲ್ಲ!

ದೀರ್ಘಮ್ಮ ಯಂತ್ರದ ಮುಂದೆ ಕೂತು ಕಡತ ತೆರೆದರು. ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಯ್ಯಾ ಇದು?"

ಪರದೆಯ ಮೇಲಿನ ಕೊನೆಯ ಮಾತು: ‘ಇದರ ಎಲೆಗಳು ಬಹಳ ಸೂಕ್ಷ್’.

"ಸೂಕ್ಷ್ಮ," ಎಂದ ಹತ್ತು ನಿಮಿಷ. "ಮ ಬಿಟ್ಟುಹೋಗಿದೆ. ಅಮ್ಮಾ, ಈಗ ಕಾಗುಣಿತ ನೋಡೋ ಹೊತ್ತಾ?"

"ಇದೇ ಹೊತ್ತು. ಸಿಟ್ಟಿನಿಂದ ಅಳಿಸುವವರು ಹೇಗೆ ಅಳಿಸ್ತಾರೆ?"

"ಎಲ್ಲ ಒಟ್ಟಿಗೆ ಆರಿಸಿಕೊಂಡು ಒಂದೇ ಏಟಿಗೆ."

"ಹಾಗೆ ಆರಿಸಿದರೆ ಅಕ್ಷರ ಒತ್ತಿನ ಸಮೇತ ಇಡಿಯಾಗಿ ಹೋಗುತ್ತೆ. ಕ್ಷ ಉಳಿದು ಅದರ ಒತ್ತು ಮಾತ್ರ ಹೋಗಲ್ಲ. ಒಂದೊಂದು ಪದರ ಕಳಚೋದು ಹಿಂದಕ್ಕೆ ಅಳಿಸೋ ಕೀಲಿ. ಮೊದಲು ಮ, ಆಮೇಲೆ ಅರ್ಧಚಿಹ್ನೆ, ಆಮೇಲೆ ಷ... ಇದು ಮ ತಿಂದು ನಿಂತಿದೆ. ಇಪ್ಪತ್ತು ಪುಟ ಆ ಕೀಲಿ ಒತ್ತಿಕೊಂಡೇ ಕೂರೋ ತಾಳ್ಮೆ ಯಾರಿಗಿದೆ? ಅದೂ ಕೊನೆಗೆ ಅರ್ಧ ಅಕ್ಷರಕ್ಕೆ ಕೈ ಎತ್ತಿ ಹೋಗೋದಾ?"

ಹತ್ತು ನಿಮಿಷನ ತಲೆಯೊಳಗೆ ಏನೋ ಹೊತ್ತಿಕೊಂಡಿತು. ರಾತ್ರಿಯ ನಕಲಿನೊಂದಿಗೆ ಹೋಲಿಸಿದ. ಅಳಿದದ್ದು ಹೆಚ್ಚುಕಡಿಮೆ ಮೂವತ್ತಾರು ಸಾವಿರ ಚಿಹ್ನೆ. ಒತ್ತಿ ಹಿಡಿದರೆ ಆ ಕೀಲಿ ಸೆಕೆಂಡಿಗೆ ಮೂವತ್ತು ತಿನ್ನುತ್ತದೆ.

"ಇಪ್ಪತ್ತು ನಿಮಿಷ! ಹತ್ತು ಐವತ್ತರಿಂದ ಹನ್ನೊಂದು ಹತ್ತು. ಆದರೆ ಅದಕ್ಕೂ ಮುಂಚೆ ಯಂತ್ರವನ್ನ ಎಚ್ಚರವಾಗಿ ಇಟ್ಟಿದ್ದು ಯಾರು?"

"ಅದನ್ನೇ ಇವಳನ್ನ ಕೇಳೋದನ್ನ ಮರೆತೆವು." ದೀರ್ಘಮ್ಮ ಅಣಬೆಯ ಕಡೆ ತಿರುಗಿದರು. "ಕೀಬೋರ್ಡಿನ ಮೇಲಿದ್ದದ್ದನ್ನ ಎತ್ತಿಟ್ಟೆ ಅಂದೆಯಲ್ಲ, ಏನಮ್ಮ ಅದು?"

"ಇದೇ. ಮರಳಿನ ಚೀಲ." ಅವಳು ಮೇಜಿನ ಬದಿ ತೋರಿಸಿದಳು. "ಎಲ್ಲ ಕಡೆ ಬಿದ್ದಿರುತ್ತಲ್ಲ!"

ನಿಜ. ಒಣಗಿದ ಗಿಡವನ್ನು ಹಾಳೆಗೆ ಅಂಟಿಸಿದ ಮೇಲೆ, ಅಂಟು ಆರುವವರೆಗೆ ಅದರ ಮೇಲೆ ಹೇರುವ ಅಂಗೈಯಗಲದ ಬಟ್ಟೆಚೀಲ. ಆ ಕಟ್ಟಡದಲ್ಲಿ ಅದಿಲ್ಲದ ಮೇಜಿಲ್ಲ. ಹಾಗಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಗಿಲ ಬಳಿ ಯಾರೋ ಬಿಕ್ಕಿದರು. ಗಿಡ ಅಂಟಿಸುವ ಅಂಟಿನಕ್ಕ.

"ನಾನೇ ಇಟ್ಟಿದ್ದು ದೀರ್ಘಮ್ಮ. ಒಂದು ತಿಂಗಳಿಂದ ಇಡ್ತಿದ್ದೀನಿ. ಮೇಷ್ಟ್ರು ಎದ್ದು ಹೋಗಿ ಬರೋಷ್ಟರಲ್ಲಿ ಯಂತ್ರ ಮುಚ್ಚಿಕೊಂಡಿರುತ್ತೆ. ಇವರಿಗೆ ಪಾಸ್‌ವರ್ಡು ನೆನಪಿರಲ್ಲ. ಮೂರು ಸಲ ತಪ್ಪು ಹೊಡೆದು, ಕೆನ್ನೆ ಮೇಲೆ ಕೈ ಇಟ್ಟುಕೊಂಡು ಕೂತಿರ್ತಿದ್ರು. ಪಾಪ ಅನ್ನಿಸ್ತು. ಬಲಗಡೆ ಮೇಲ್ತುದಿಯಲ್ಲಿ ಏನಕ್ಕೂ ಬಾರದ ಒಂದು ಕೀಲಿ ಇದೆಯಲ್ಲ, ಅದರ ಮೇಲೆ ಚೀಲ ಇಡ್ತಿದ್ದೆ."

"ಅದಕ್ಕೇ!" ಹತ್ತು ನಿಮಿಷ ಹಣೆ ಚಚ್ಚಿಕೊಂಡ. "ಈ ತಿಂಗಳು ಇವತ್ತಿನವರೆಗೆ ಮೇಷ್ಟ್ರು ಒಂದು ಸಲವೂ ಹೊರಗೆ ಬಿದ್ದಿಲ್ಲ. ಕೊನೆಗೂ ಶಿಸ್ತು ಕಲಿತರು ಅಂತ ನಾನು ಬೀಗ್ತಿದ್ದೆ!"

"ಶಿಸ್ತಾ? ನನಗಾ?" ಎಂದರು ಮೂಲೆಯ ಕುರ್ಚಿಯಲ್ಲಿದ್ದ ಮೇಷ್ಟ್ರು. "ಈ ಯಂತ್ರಕ್ಕೆ ನನ್ನ ಮೇಲೆ ಪ್ರೀತಿ ಬಂದಿದೆ ಅಂದುಕೊಂಡಿದ್ದೆ ಕಣಯ್ಯಾ."

"ತಿಂಗಳಿಡೀ ಇಟ್ಟರೂ ಏನೂ ಆಗಲಿಲ್ಲ," ಎಂದು ಅಂಟಿನಕ್ಕ ಕಣ್ಣೊರೆಸಿಕೊಂಡಳು. "ಇವತ್ತೇ ಯಾಕೆ?"

ದೀರ್ಘಮ್ಮ ಬೇರೊಂದು ಕಡತ ತೆರೆದು, ಚೀಲವನ್ನು ಆ ಉಪಯೋಗವಿಲ್ಲದ ಕೀಲಿಯ ಮೇಲೆ ಇಟ್ಟು, ಅಣಬೆಯ ಫ್ಯಾನನ್ನು ಹಾಕಿದರು. ಮೇಜು ಸಣ್ಣಗೆ ನಡುಗತೊಡಗಿತು. ಎಲ್ಲರೂ ಕೂತು ಕಾದರು. ಮೇಷ್ಟ್ರು ಎರಡು ಸಲ ಆಕಳಿಸಿದರು. ಚೀಲದೊಳಗೆ ಮರಳು ಒಂದೊಂದೇ ಕಣ ಜರುಗಿ, ಕೀಬೋರ್ಡಿನ ಇಳಿಜಾರಿನತ್ತ ಚೀಲದ ಕೆಳಮೂಲೆಗೆ ಇಳಿಯಿತು. ಚೀಲ ಹೊಟ್ಟೆ ಬಿಟ್ಟುಕೊಂಡು ಎಡಕ್ಕೆ ವಾಲಿತು. ಕೊನೆಗೆ ಪಕ್ಕದಲ್ಲಿದ್ದ ಅಳಿಸುವ ಕೀಲಿ ಕಟ್ ಎಂದು ಒತ್ತಿಕೊಂಡಿತು.

ಪರದೆಯ ಮೇಲೆ ಅಕ್ಷರಗಳು ಹಿಂದಿನಿಂದ ಕರಗತೊಡಗಿದವು.

"ಇವನೇ ನೋಡಿ ಆಸಾಮಿ," ಎಂದರು ದೀರ್ಘಮ್ಮ. "ಅಂಟಿನಕ್ಕ ಇಟ್ಟಳು, ಫ್ಯಾನು ನಡುಗಿಸಿತು, ಮರಳು ಇಳಿಯಿತು. ಬೇಕಂತ ಮಾಡಿದವರು ಯಾರೂ ಇಲ್ಲ. ಒಂದು ಮಾತ್ರ ಬರೆದುಕೊಳ್ಳಪ್ಪಾ: ಇವಳು ಬಂದು ಚೀಲ ಎತ್ತದಿದ್ದರೆ ಮಿಕ್ಕ ಇಪ್ಪತ್ತು ಪುಟವೂ ಹೋಗುತ್ತಿತ್ತು."

ಮೇಷ್ಟ್ರು ಅಣಬೆಯ ಮುಂದೆ ಬಂದು ನಿಂತರು.

"ನಾನು ಬಾಯಿ ಬಿಟ್ಟು ನಿನ್ನ ಹೆಸರು ಹೇಳಲಿಲ್ಲ ಕಣಮ್ಮ. ಆದರೆ ಮನಸ್ಸಿನಲ್ಲಿ ಹೇಳಿಬಿಟ್ಟಿದ್ದೆ. ತಪ್ಪಾಯ್ತು."

"ನಾನೂ ನಿಮ್ಮ ಪಾಚಿಗೆ ಶಾಪ ಹಾಕಿದ್ದೆ," ಎಂದಳು ಅವಳು ಮೂಗೊರೆಸಿಕೊಳ್ಳುತ್ತಾ. "ಫ್ಯಾನು ಬೇರೆ ಕಡೆ ಇಡ್ತೀನಿ ಬಿಡಿ."

"ನನ್ನ ಕಿಟಕಿ ಹತ್ರ ಇಡು. ಗಾಳಿ ಚೆನ್ನಾಗಿದೆ."

ಹತ್ತು ನಿಮಿಷ ವರದಿ ಬರೆಯಲು ಕೂತ. ಅಂಟಿನಕ್ಕನ ಹೆಸರು ಬರೆಯಲು ಕೈ ಬರಲಿಲ್ಲ. ಹಾಗೆಂದು ಮುಚ್ಚಿಡಲೂ ಮನಸ್ಸಿಲ್ಲ. ‘ಪಾಸ್‌ವರ್ಡ್ ನೆನಪಿಡಲು ಕಷ್ಟಪಡುವ ಬಳಕೆದಾರರ ಮೇಲಿನ ಮರುಕದಿಂದ ಸಿಬ್ಬಂದಿಯೊಬ್ಬರು ಕೀಲಿಮಣೆಯ ಮೇಲೆ ಭಾರ ಇಟ್ಟಿದ್ದರು, ಆ ಕಷ್ಟ ತಪ್ಪಿಸುವುದು ನನ್ನ ಕೆಲಸ’ ಎಂದು ಬರೆದ. ಮೇಷ್ಟ್ರಿಗೆ ಹೊಸ ಪಾಸ್‌ವರ್ಡ್ ಹಾಕಿಕೊಟ್ಟ. ಅದೇನೆಂದು ಯಾರಿಗೂ ಹೇಳಲಿಲ್ಲ. ಆದರೆ ಮೇಷ್ಟ್ರು ಅದನ್ನು ಒತ್ತುವಾಗ ಪ್ರತಿ ಸಲವೂ "ಸೂಕ್ಷ್ಮ, ಸೂಕ್ಷ್ಮ" ಎಂದು ಗಟ್ಟಿಯಾಗಿ ಗೊಣಗುತ್ತಿದ್ದರಿಂದ, ಅವನು ಮರುದಿನವೇ ಅದನ್ನು ಬದಲಾಯಿಸಬೇಕಾಯಿತು.

ವರದಿಯ ಕೊನೆಯಲ್ಲಿ ‘ಹಾನಿಗೆ ಕಾರಣವಾದ ವಸ್ತುವಿನ ವಿವರ’ ಎಂಬ ಜಾಗ ಖಾಲಿಯಿತ್ತು. ಅಣಬೆ ತನ್ನ ತಕ್ಕಡಿ ತಂದು ಚೀಲವನ್ನು ಅದರ ಮೇಲಿಟ್ಟಳು. ಐವರೂ ಬಗ್ಗಿ ನೋಡಿದರು.

ನೂರ ಎಂಬತ್ತು ಗ್ರಾಂ.