ಮೂವತ್ತೆರಡು ಬಾಯಿಯ ಬೀಗ

"ಕೀಲಿ ತೋರಿಸಿ" ಎಂದಿತು ತೂಬು.

ಸೀಗೆಹೊಸಕೆರೆಯ ತೂಬಿಗೆ ಮಾತು ಬಂದು ಮೂರು ದಿನವಾಗಿತ್ತು. ಕಬ್ಬಿಣದ ಗೇಟಿನ ಮೇಲೆ ತೆಂಗಿನಕಾಯಿ ಗಾತ್ರದ ಪೆಟ್ಟಿಗೆ, ಅದಕ್ಕೊಂದು ಪರದೆ, ಕೆಳಗೆ ಅಕ್ಷರದ ಗುಂಡಿಗಳು. ಹೆಸರು ವಕ್ರಬೀಗ. ರಾಜ್ಯದ ಕೆರೆಗಳಲ್ಲಿ ನೀರಿನ ಕಳ್ಳತನ ನಿಲ್ಲಲೆಂದು ಸರ್ಕಾರ ತಂದದ್ದು. ಅದರ ಮುಂದೆ ನಿಂತ ಪಿಳ್ಳಮ್ಮ ಹೊಸ ಸೊಸೆಯನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಎಪ್ಪತ್ತೊಂದು ವಯಸ್ಸಿನ ಅವಳು ಊರಿನ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳಿ ತೂಬು ಎತ್ತುವವಳು. ಓದಿದ್ದು ಎರಡನೆಯ ತರಗತಿ. ಆದರೆ ನಲವತ್ತು ವರ್ಷದ ಹಿಂದೆ ಯಾವ ವಾರ ಯಾರ ಬದು ಒಡೆದಿತ್ತು ಎಂದು ಕೇಳಿದರೆ ಥಟ್ಟನೆ ಹೇಳುವಳು.

"ಬೀಗ ಅಂದ್ಮೇಲೆ ಬೀಗದಕೈ ಇರ್ಬೇಕಲ್ಲ ಸಾ. ಎಲ್ಲೈತೆ?"

"ಅದನ್ನ ನೀವೇ ಹುಟ್ಟಿಸಬೇಕಮ್ಮ" ಎಂದರು ಡಾಕ್ಟರ್ ತಿಪ್ಪೇಸ್ವಾಮಿ. ಬೀಗದ ಬಳಕೆ ಕಲಿಸಲು ಜಿಲ್ಲಾ ಕೇಂದ್ರದಿಂದ ಬಂದಿದ್ದ ಗಣಿತ ವಿಜ್ಞಾನಿ ಅವರು.

"ಈ ವಯಸ್ಸಲ್ಲಾ?"

ಕೆರೆಯ ಏರಿಯ ಮೇಲೆ ಕೂತಿದ್ದವರು ನಕ್ಕರು. ವಿಜ್ಞಾನಿ ಕೆಂಪಾದರು. ನೆಲದ ಮೇಲೆ ಕಡ್ಡಿಯಿಂದ ಬಾಗಿದ ಗೆರೆಯೊಂದನ್ನು ಎಳೆದು ವಿವರಿಸತೊಡಗಿದರು.

"ಇದಕ್ಕೆ ದೀರ್ಘವೃತ್ತೀಯ ವಕ್ರರೇಖೆ ಅಂತಾರೆ. ಯಾವ ಗೆರೆ, ಯಾವ ಚುಕ್ಕಿಯಿಂದ ಹೊರಡಬೇಕು, ಒಟ್ಟು ಎಷ್ಟು ಚುಕ್ಕಿ, ಇವೆಲ್ಲ ನಿಯತಾಂಕಗಳು. ಊರಿಗೆಲ್ಲ ಗೊತ್ತಿದ್ದರೂ ಚಿಂತೆಯಿಲ್ಲ. ಹೊರಟ ಚುಕ್ಕಿಯಿಂದ ಎಷ್ಟು ಸಲ ನೆಗೆದಿರಿ ಅನ್ನೋದು ಗುಪ್ತಕೀಲಿ. ಕೊನೆಗೆ ಎಲ್ಲಿ ಇಳಿದಿರಿ ಅನ್ನೋದು ಬಹಿರಂಗ ಕೀಲಿ. ಇಳಿದ ಜಾಗ ನೋಡಿ ನೆಗೆತ ಎಣಿಸೋಕೆ ಲೋಕದ ಯಂತ್ರಗಳೆಲ್ಲ ಸೇರಿದರೂ ಆಗೋದಿಲ್ಲ."

"ಕುಂಟಾಬಿಲ್ಲೆ ಅನ್ನಿ."

"ಅದೇ ಅನ್ನಿ" ಎಂದು ಅವರು ಸೋತರು.

ಈ ಬೀಗಕ್ಕೆ ಚಿತ್ರವಿಲ್ಲ, ಬಣ್ಣವಿಲ್ಲ, ಆಜ್ಞಾಸಾಲು ಮಾತ್ರ. ಒಂದು ಸಾಲು ಒತ್ತಿದರೆ ಒಂದು ಕೆಲಸ, ಅಷ್ಟೇ. ಪಿಳ್ಳಮ್ಮ ಒಂದೇ ಬೆರಳಲ್ಲಿ 'ನಿಯತಾಂಕ ಹುಟ್ಟಿಸು' ಎಂದು ಒತ್ತಿದಳು. ಪರದೆ ಸುಮ್ಮನಿತ್ತು. 'ನಿಯತಾಂಕ ಪರೀಕ್ಷಿಸು' ಎಂದಳು. 'ಸರಿ' ಎಂದಿತು. "ಬಾಯಿಬಡುಕಿ ಅಲ್ಲ, ಒಳ್ಳೇದು" ಎಂದುಕೊಂಡು 'ಕೀಲಿ ಹುಟ್ಟಿಸು' ಎಂದೂ ಒತ್ತಿದಳು. ಅದರ ಮುಂದೆ 'ಕಡತಕ್ಕೆ ಬರೆ' ಎಂದು ಸೇರಿಸಬೇಕಿತ್ತು. ಸೇರಿಸದಿದ್ದರೆ ಈ ಯಂತ್ರ ಹುಟ್ಟಿಸಿದ್ದನ್ನು ಪರದೆಯ ಮೇಲೆ ಸುರಿಯುತ್ತದೆ. ಸುರಿಯಿತು, ಅಂಕಿಗಳೂ ಅಕಾರಾದಿ ಅಕ್ಷರಗಳೂ ಬೆರೆತ ಅರವತ್ನಾಲ್ಕು ಗುರುತಿನ ಗುಪ್ತಕೀಲಿ.

ವಿಜ್ಞಾನಿ ಬಾಯಿ ತೆರೆಯುವ ಮೊದಲೇ ಪಿಳ್ಳಮ್ಮ ಏರಿಯ ತುದಿಗೆ ಹೋಗಿ ಕೈಯನ್ನು ಬಾಯಿಗೆ ಅಡ್ಡವಿಟ್ಟು ಕೂಗಿದ್ದಳು. "ಕೇಳ್ರಪ್ಪೋ! ಏಳು, ಈ, ಒಂಬತ್ತು, ಸೊನ್ನೆ, ಆ..."

ಬಯಲಿನಿಂದ ಒಬ್ಬೊಬ್ಬರೇ "ಕೇಳಿಸ್ತು!" ಎಂದು ಉತ್ತರ ಕೊಟ್ಟರು. ಆ ಊರಲ್ಲಿ ನೀರಿನ ವಿಷಯ ಹಾಗೆಯೇ. ನೀರುಗಂಟಿ ತಿಳಿದದ್ದನ್ನೆಲ್ಲ ಏರಿಯ ಮೇಲೆ ನಿಂತು ಕೂಗಬೇಕು. ಕೂಗದವಳು ಯಾರದೋ ಗದ್ದೆಗೆ ಕದ್ದು ನೀರು ಬಿಡುತ್ತಾಳೆ ಎಂದೇ ಲೆಕ್ಕ. ಪಿಳ್ಳಮ್ಮನ ಅಪ್ಪ ಹಾಗೆ ಕೂಗಿದವನು, ಅವನ ಅಪ್ಪನೂ ಕೂಗಿದವನು.

ತಿಪ್ಪೇಸ್ವಾಮಿ ತಲೆಯ ಮೇಲೆ ಕೈಹೊತ್ತರು. ಆ ಕೀಲಿ ರದ್ದಾಯಿತು. ಮಾರನೆಯ ದಿನ ಎರಡನೆಯದು ಹುಟ್ಟಿತು, ಕಡತಕ್ಕೂ ಹೋಯಿತು. "ಯಾರಿಗೂ ಹೇಳಬೇಡಿ" ಎಂದು ಕೈಮುಗಿದು ಹೋದರು. ಪಿಳ್ಳಮ್ಮ ಸಂಜೆಯವರೆಗೆ ತಡೆದಳು. ಅರಳಿಕಟ್ಟೆಯಲ್ಲಿ ಕೊನೇ ಬಯಲಿನ ಗಂಗುಲಪ್ಪ "ಏನಕ್ಕಾ, ನಿನ್ನ ಮಖ ನೋಡಿದ್ರೆ ಏನೋ ಬಚ್ಚಿಟ್ಟಂಗೈತೆ" ಎಂದ. ಅವಳು ನೇರವಾಗಿ ತೂಬಿಗೆ ಹೋಗಿ 'ಕಡತ ತೋರಿಸು' ಎಂದು ಒತ್ತಿ, ಅರವತ್ನಾಲ್ಕನ್ನೂ ಕೂಗಿ ಬಂದಳು.

ಈ ಸಲ ವಿಜ್ಞಾನಿ ಬೈಯಲಿಲ್ಲ. ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ಇನ್ನೊಂದೇ ಅವಕಾಶ ಅಮ್ಮ. ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಸರಿಯಾದ ಕೀಲಿಯಿಂದ ತೂಬು ತೆರೆಯದಿದ್ದರೆ ಅದು ಜಿಲ್ಲೆಯ ಯಂತ್ರದ ಕೈಗೆ ಹೋಗುತ್ತೆ. ಅದು ನಕ್ಷೆ ನೋಡಿ ನೀರು ಬಿಡುತ್ತೆ. ನಕ್ಷೆಯಲ್ಲಿ ನಿಮ್ಮ ಕೊನೇ ಬಯಲು ಬೀಳು ಅಂತಿದೆ."

"ಅಲ್ಲಿ ಹನ್ನೊಂದು ಮನೇವ್ರು ಪೈರು ಹಾಕವ್ರೆ ಸಾ!"

"ಯಂತ್ರಕ್ಕೆ ಪೈರು ಕಾಣಲ್ಲ, ನಕ್ಷೆ ಮಾತ್ರ ಕಾಣೋದು."

ಪಿಳ್ಳಮ್ಮ ಎಲೆಯಡಿಕೆ ಅಗಿದು ಉಗುಳಿದಳು. ಆಮೇಲೆ ಕೇಳಿದಳು: "ಈ ಕೆರೆ ನೀರುಣ್ಣೋ ಅಚ್ಚುಕಟ್ಟಲ್ಲಿ ಮೂವತ್ತೆರಡು ಮನೆ. ಮನೆಗೆ ಎರಡಕ್ಷರ ಕೊಟ್ರೆ? ನನ್ ಹತ್ರ ಒಂದೂ ಬೇಡ. ಬಚ್ಚಿಡೋದು ನನ್ ಕೈಲಾಗಲ್ಲ."

ತಿಪ್ಪೇಸ್ವಾಮಿ ಕಣ್ಣು ಮಿಟುಕಿಸಿದರು. ಪುಸ್ತಕಗಳಲ್ಲಿ ಗುಪ್ತಕೀಲಿಯನ್ನು ಹಂಚಿಡುವ ವಿಧಾನಗಳು ಬೇಕಾದಷ್ಟಿದ್ದವು. ಇಷ್ಟು ಒರಟಾದದ್ದು ಇರಲಿಲ್ಲ. ಆದರೂ ಆಜ್ಞಾಸಾಲುಗಳನ್ನು ಬರೆದುಕೊಟ್ಟರು. ಬೀಗ ಮೂರನೆಯ ಕೀಲಿ ಹುಟ್ಟಿಸಿದ ಮೇಲೆ, ಒಬ್ಬೊಬ್ಬರು ಬಂದಾಗ ಪರದೆ ಅವರ ಪಾಲಿನ ಎರಡೇ ಗುರುತು ತೋರಿಸಿ ಅಳಿಸುತ್ತದೆ. ತೆರೆಯುವ ದಿನ ಮೂವತ್ತೆರಡು ಮಂದಿಯೂ ಸರದಿಯಲ್ಲಿ ಬಂದು ಸೆರಗೋ ಟವೆಲ್ಲೋ ಮುಚ್ಚಿ ತಮ್ಮದನ್ನು ಒತ್ತಬೇಕು. ಬೀಗ ಅವನ್ನು ಜೋಡಿಸಿ, ಬಹಿರಂಗ ಕೀಲಿಯೊಡನೆ ತಾಳೆ ನೋಡಿ, ಮರೆತುಬಿಡುತ್ತದೆ. ಊಹಿಸಿ ಒತ್ತುವಂತಿಲ್ಲ, ಒಂದು ಸಲ ತಪ್ಪಿದರೂ ತಿಂಗಳು ಮುಚ್ಚಿಕೊಳ್ಳುತ್ತದೆ.

ಸೋಮವಾರ ಹನ್ನೊಂದೂವರೆಗೆ ಮೂವತ್ತೊಂದು ಮಂದಿ ಬಂದು ಒತ್ತಿದ್ದರು. ಬಾರದವನು ಮೂವತ್ತೆರಡನೆಯವನಾದ ನಂಜೇಗೌಡ. ತೂಬಿನ ಬುಡದಲ್ಲೇ ಎಂಟೆಕರೆ ಗದ್ದೆ ಅವನದು. ಜಿಲ್ಲೆಯ ಯಂತ್ರ ಬಂದರೆ ಮೊದಲ ನೀರು, ಹೆಚ್ಚಿನ ನೀರು ಅವನಿಗೇ. ಪಿಳ್ಳಮ್ಮ ಎರಡು ಸಲ ಹೇಳಿಕಳಿಸಿದಳು. "ಸೊಂಟ ಹಿಡ್ಕೊಂಡೈತೆ" ಎಂದು ಉತ್ತರ ಬಂತು.

ಗಂಗುಲಪ್ಪ ಎದ್ದ. ಅವನಿಗೂ ನಂಜೇಗೌಡನಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಗೌಡನ ಎಮ್ಮೆ ಅವನ ಸಸಿಮಡಿ ಮೇಯ್ದ ದಿನದಿಂದ.

"ಜಗಳ ಆಡ್ಬೇಡ ಕಣೋ, ಕೈಮುಗೀತೀನಿ" ಎಂದಳು ಪಿಳ್ಳಮ್ಮ. ಅವನ ಹಿಂದೆಯೇ ನಡೆದಳು.

ಗಂಗುಲಪ್ಪ ಗೌಡನ ಅಂಗಳದಲ್ಲಿ ನಿಂತು, ಬಾಗಿಲ ಕಡೆ ನೋಡದೆ, ಬೇಲಿಯ ಆಚೆಯವರಿಗೆ ಕೇಳುವಂತೆ ಹೇಳಿದ: "ನಡೀ ಅಕ್ಕಾ, ಹೋಗಣ. ಸೊಂಟ ಅಲ್ಲ ಹಿಡ್ಕೊಂಡಿರೋದು. ಎರಡಕ್ಷರ ಮರ್ತೋಗೈತೆ, ಹೇಳ್ಕೊಳ್ಳಕ್ಕೆ ನಾಚ್ಕೆ. ವಯಸ್ಸಾಯ್ತಲ್ಲ, ಪಾಪ."

ಒಳಗಿನಿಂದ ನಂಜೇಗೌಡ ಛಂಗನೆ ಹೊರಬಂದ. "ಯಾರ್ಲಾ ಮರ್ತಿರೋದು?"

"ನಿನ್ನೆಮ್ಮೆ ಎಲ್ಲಿ ಮೇಯ್ತು ಅನ್ನೋದೇ ಮರ್ತೋನು ನೀನು."

"ಅದು ನನ್ನೆಮ್ಮೇನೇ ಅಲ್ಲ ಕಣ್ಲಾ! ನನ್ನೆಮ್ಮೆಗೆ ಕೊಂಬು ಮುರಿದಿತ್ತು!"

"ಮುರಿದಿದ್ದು ಎಡಗಡೇದಾ ಬಲಗಡೇದಾ, ಹೇಳು ನೋಡಣ!"

ಹೀಗೆ ಎಡ, ಬಲ ಎಂದು ಕೂಗಾಡುತ್ತ ಇಬ್ಬರೂ ಬೀದಿ ದಾಟಿದರು, ಏರಿ ಹತ್ತಿದರು. ಸೊಂಟದ ನೆನಪು ಇಬ್ಬರಿಗೂ ಬರಲಿಲ್ಲ. ತೂಬಿನ ಮುಂದೆ ಗಂಗುಲಪ್ಪ ಪರದೆಯ ಕಡೆ ಬೆರಳು ಮಾಡಿ "ನೆನಪಿದ್ರೆ ಒತ್ತು" ಎಂದ. ನಂಜೇಗೌಡ ಟವೆಲ್ ಮುಚ್ಚಿ, ಗುಂಡಿ ಮುರಿಯುವ ಹಾಗೆ ಎರಡು ಸಲ ಕುಟ್ಟಿದ. "ನೋಡ್ಲಾ!"

'ಸರಿ' ಎಂದಿತು ಬೀಗ. ಹನ್ನೆರಡಕ್ಕೆ ಆರು ನಿಮಿಷವಿತ್ತು. ತೂಬು ಗುಡುಗಿ ಎದ್ದಿತು. ಕಾಲುವೆಯಲ್ಲಿ ನೀರು ನುಗ್ಗಿತು. ಜನ ಕೇಕೆ ಹಾಕಿದಾಗ ತಾನು ಮಾಡಿದ್ದೇನೆಂದು ನಂಜೇಗೌಡನಿಗೆ ಹೊಳೆಯಿತು. ಮುಖ ಹುಳ್ಳಗಾಯಿತು. ಆದರೆ ನೆನಪಿನ ಶಕ್ತಿಯನ್ನು ಅಷ್ಟು ಜನ ಹೊಗಳುವಾಗ ಬೇಸರ ತೋರಿಸಲು ಬಾರದೆ ಮೀಸೆ ತಿರುವಿದ.

ತಿಪ್ಪೇಸ್ವಾಮಿ ವರದಿಯಲ್ಲಿ 'ಭದ್ರತೆ ಉತ್ತಮ, ವಿಧಾನ ಬೇರೆಡೆ ಅನುಸರಿಸತಕ್ಕದ್ದಲ್ಲ' ಎಂದು ಬರೆದರು. ನೀರು ಬಿಡಲು ಹತ್ತು ದಿನಕ್ಕೊಮ್ಮೆ ಮೂವತ್ತೆರಡು ಮಂದಿ ಒಂದೆಡೆ ನಿಲ್ಲಲೇಬೇಕಾದ ಊರಿನಲ್ಲಿ ಇನ್ನೇನಾಗುತ್ತದೆ ಎಂಬುದು ಅವರ ಗಣಿತದಲ್ಲಿ ಇರಲಿಲ್ಲ. ಯಾರಿಗೆ ಕೆಮ್ಮು ಬಂದರೂ ಊರು ವಿಚಾರಿಸತೊಡಗಿತು. ಕಾರ್ತಿಕದಲ್ಲಿ ನಂಜೇಗೌಡ ಜ್ವರದಿಂದ ಮಲಗಿದಾಗ, ಪಿಳ್ಳಮ್ಮ ನೋಡಲು ಹೋದಳು. ಗಂಗುಲಪ್ಪ ಆಗಲೇ ಅಲ್ಲಿ ಗಂಜಿಯ ಬಟ್ಟಲು ಹಿಡಿದು ಕೂತಿದ್ದ.

"ನಿನಗೆ ಬೇಕಾಗಿರೋದು ನನ್ನ ಎರಡಕ್ಷರ ತಾನೆ" ಎಂದು ಗೌಡ ನರಳಿದ. "ಮಗನಿಗೆ ಹೇಳಿರ್ತೀನಿ. ನೀನು ಹೋಗು."

"ಅವನ ಜೊತೆ ಜಗಳ ಆಡಿದ್ರೆ ರುಚೀನೇ ಇರಲ್ಲ ಕಣೋ" ಎಂದ ಗಂಗುಲಪ್ಪ. "ಬಾಯ್ ತೆಗಿ, ಗಂಜಿ ಆರೋಗ್ತದೆ."