ಗುರುತಿನ ಚಿಹ್ನೆ: ಇಲ್ಲ

ಮಂಗಳವಾರ ಮಧ್ಯಾಹ್ನ ಎರಡೂ ನಲವತ್ತಕ್ಕೆ ಠಾಣೆಗೆ ಬಂದ ದೂರುದಾರ ಕುರ್ಚಿಯ ತುದಿಯಲ್ಲಷ್ಟೇ ಕೂತ. ಹಳೆಯ ಸೈಕಲ್‌ಗಳನ್ನು ಬಿಚ್ಚಿ, ಮತ್ತೆ ಹೊಸದರಂತೆ ಮಾಡಿಕೊಡುವುದು ಅವನ ಕಸುಬು. ಒಂದೂಕಾಲಿಗೆ ಊಟಕ್ಕೆ ಹೋಗಿ ಎರಡಕ್ಕೆ ಬಂದರೆ ಸ್ಟ್ಯಾಂಡಿನಲ್ಲಿದ್ದ ಉಕ್ಕಿನ ಫ್ರೇಮ್ ಮಾಯ.

"ಬಣ್ಣ?" ಇನ್ಸ್‌ಪೆಕ್ಟರ್ ಕೇಳಿದರು.

"ಕೆರೆದು ತೆಗ್ದಿದ್ದೆ ಸಾರ್. ಬರೀ ಉಕ್ಕು."

"ಕಂಪನಿ ಹೆಸರು?"

"ಹಾಕಿಲ್ಲ."

"ನಂಬರು?"

"ಪೆಡಲ್ ಕೂರೋ ಕಡೆ, ಅಡೀಲಿ ಇರ್ಬೇಕಿತ್ತು. ಇಲ್ಲ."

"ಹೆಸರಿಲ್ಲ, ನಂಬರಿಲ್ಲ, ಬಣ್ಣಾನೂ ಇಲ್ಲ. ಸಿಕ್ರೂ ಅದು ನಿಮ್ದೇ ಅಂತ ಹೆಂಗ್ರೀ ಹೇಳೋದು?"

FIRನಲ್ಲಿ 'ಗುರುತಿನ ಚಿಹ್ನೆ' ಎಂಬಲ್ಲಿ ರೈಟರ್ 'ಇಲ್ಲ' ಎಂದು ಬರೆದು ಮುಗಿಸಿದ.

ತನಿಖೆ ಹೆಡ್ ಕಾನ್‌ಸ್ಟೆಬಲ್ ಮತ್ತು ಪಂಚರ್ ಮೇಡಂ ಪಾಲಿಗೆ ಬಂತು. ಸೈಕಲ್ ಮೇಲೆ ಡ್ಯೂಟಿಗೆ ಬರುವ ಕಾನ್‌ಸ್ಟೆಬಲ್ ಠಾಣೆಯಲ್ಲಿ ಅವಳೊಬ್ಬಳೇ. ಸೇರಿದ ವಾರವೇ ಟೈರು ಕೈಕೊಟ್ಟು ಹಾಜರಿಗೆ ತಡವಾಗಿದ್ದಳು; ಅಂದಿನಿಂದ ಆ ಹೆಸರು ಬಿಟ್ಟಿಲ್ಲ. ಪಂಚನಾಮೆಗೆ ಹೊರಡುವಾಗ ಇನ್ಸ್‌ಪೆಕ್ಟರ್, "ಇಬ್ರು ಪಂಚರನ್ನ ಕರ್ಕೊಳ್ಳಿ" ಎಂದರು.

"ಒಬ್ಳು ನಮ್ಮಲ್ಲೇ ಇದಾಳಲ್ಲ ಸಾರ್, ಇನ್ನೊಬ್ರು ಸಾಕು" ಎಂದ ಹೆಡ್.

ಮೂರೂ ಇಪ್ಪತ್ತಕ್ಕೆ ಅಂಗಡಿ ತಲುಪಿದರು. ಬೀಗ ಒಡೆದಿರಲಿಲ್ಲ, ಷಟರನ್ನು ಅರ್ಧ ಎಳೆದು ಊಟಕ್ಕೆ ಹೋಗಿದ್ದ ಪುಣ್ಯಾತ್ಮ. ಪಕ್ಕದಲ್ಲೇ ನೇತಾಡುತ್ತಿದ್ದ ಹೊಚ್ಚಹೊಸ ರೇಸ್ ಸೈಕಲ್ಲನ್ನು ಕಳ್ಳ ಮುಟ್ಟಿರಲಿಲ್ಲ. ಫ್ರೇಮಿಗೆ ಗೀರು ಬೀಳದಂತೆ ಸ್ಟ್ಯಾಂಡಿಗೆ ಸುತ್ತಿದ್ದ ಬಟ್ಟೆಯನ್ನು ಮಾತ್ರ ನೀಟಾಗಿ ಮಡಿಸಿಟ್ಟಿದ್ದ.

"ಕಳ್ಳ ಬಟ್ಟೆ ಮಡಿಸ್ತಾನೇನೇ?"

"ಈ ಕೆಲಸ ಗೊತ್ತಿರೋನು ಮಡಿಸ್ತಾನೆ ಸಾರ್."

ದೂರುದಾರನ ಫೋನಿನಲ್ಲಿದ್ದ ಫೋಟೋಗಳನ್ನು ನೋಡುತ್ತ ಪಂಚರ್ ಮೇಡಂಗೆ ಡ್ಯೂಟಿಯೇ ಮರೆತುಹೋಯಿತು. ಕೊಳವೆಗಳು ಸೇರುವ ಕಡೆ ಅವನ್ನು ತಬ್ಬಿ ಹಿಡಿಯುವ ಉಕ್ಕಿನ ತೋಳುಗಳ ಅಂಚನ್ನು ಯಾರೋ ಅರದಿಂದ ಉಜ್ಜಿ ಉಜ್ಜಿ ಎಲೆಯ ತುದಿಯಷ್ಟು ತೆಳ್ಳಗೆ ಮಾಡಿದ್ದರು. ಹಿತ್ತಾಳೆ ಬೆಸುಗೆ ಎಲ್ಲೂ ಉಕ್ಕಿ ಹೊರಗೆ ಬಂದಿರಲಿಲ್ಲ. ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು: ಗೇರ್ ಲಿವರ್ ಕೂರಿಸುವ ಗುಬುಟು.

"ಗೇರ್ ಲಿವರ್ ಒಂದೇ ಇದ್ರೆ ಬಲಗಡೆ ಅಲ್ವಾ ಇರೋದು? ಎಡಕ್ಕೆ ಯಾಕಿದೆ?"

"ಅದೇ ಮೇಡಂ ವಿಶೇಷ. ಇದು ಹೊರದೇಶದ ದೊಡ್ಡ ಕಂಪನಿ ಕೆಲಸ. ಮೂರು ವಾರ ಪುಸ್ತಕ ತಿರುವಿ ಕಂಡುಹಿಡ್ದೆ."

ಮೇಜಿನ ಮೇಲೆ ಆ ಕಂಪನಿಯ ಹೆಸರಿನ ಸ್ಟಿಕರ್ ಹಾಳೆ ಸಿದ್ಧವಾಗಿತ್ತು. ನಾಳೆ ಬಣ್ಣ, ನಾಡಿದ್ದು ಸ್ಟಿಕರ್.

"ಅವರದ್ದಲ್ಲ ಅಂತ ಯಾರಾದ್ರೂ ಅಂದಿದ್ರಾ?"

ಅವನು ಹಾಳೆಯನ್ನು ಸರಿಮಾಡಿದ. "ಹೋದ ವಾರ ಒಬ್ಬ ಅಜ್ಜ ಬಂದಿದ್ದ. 'ಇದು ನಾನು ಮಾಡಿದ್ದು ಕಣಪ್ಪ, ಬೇರೆಯವರ ಹೆಸರು ಹಾಕ್ಬೇಡ' ಅಂದ."

"ನೀವೇನಂದ್ರಿ?"

"ಗ್ಯಾಸ್ ಬಿಡ್ಬೇಡ ಹೋಗಜ್ಜ ಅಂದೆ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸರಿಬ್ಬರೂ ಫೋಟೋ ಹಿಡಿದು, ಊರಿನ ಬೆಸುಗೆಯವರನ್ನೆಲ್ಲ ಬಲ್ಲ ಹಳೇ ಲೇತ್ ಅಂಗಡಿಗೆ ಹೋದರು. ಲೇತಿನವರು ಕನ್ನಡಕವನ್ನು ಹಣೆಗೆ ಏರಿಸಿ ಒಂದೇ ನೋಟಕ್ಕೆ, "ನಮ್ಮ ಗ್ಯಾಸ್ ಮಾವನ ಕೈ ಇದು" ಎಂದರು.

"ಗ್ಯಾಸ್ ಬಿಡ್ತಾರಾ?"

"ಬಿಡೋನಲ್ಲಮ್ಮ, ಹಿಡಿಯೋನು. ಸೈಕಲ್ ಫ್ಯಾಕ್ಟರೀಲಿ ಮೂವತ್ತು ವರ್ಷ ಗ್ಯಾಸ್ ಬೆಸುಗೆ. ಕೂಡಿಸಿದ್ದೆಲ್ಲದರ ಮೇಲೂ ಕಂಪನಿ ಹೆಸರು. ಒಂದೇ ಒಂದನ್ನ ಮನೆಗೆ ಅಂತ ಮಾಡ್ಕೊಂಡಿದ್ದ."

ಹನ್ನೊಂದೂ ಹತ್ತಕ್ಕೆ ಗ್ಯಾಸ್ ಮಾವನ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ. ಕೂರಿಸಿ, ನೀರು ಬಗ್ಗಿಸಿ ಕೊಟ್ಟರು. ಎಡಗೈಯಲ್ಲಿ.

"ಏನಮ್ಮ ಹಂಗೆ ನೋಡ್ತೀಯ? ನಾನು ಎಡಚಿ. ಬಲಗೈಲಿ ಬಗ್ಗಿಸಿದ್ರೆ ಅರ್ಧ ನಿನ್ನ ಬೂಟಿಗೆ."

"ಸೈಕಲ್ ಹೊಡೀತಿದ್ರಾ ಅಮ್ಮ?"

"ಹೊಡೀತಿದ್ನಾ ಅಂತ ಕೇಳ್ತಾಳೆ ನೋಡು. ಹೊಲಿಗೆ ಕಲಿಸೋಕೆ ಹನ್ನೆರಡು ವರ್ಷ ಅದರ ಮೇಲೇ ಹೋಗಿದ್ದು. ನನಗೋಸ್ಕರ ಇವ್ರು ಗೇರೂ ಎಡಕ್ಕೇ ಹಾಕಿದ್ರು. ಮನೆ ಬದಲಾಯಿಸುವಾಗ ನನ್ನ ತಮ್ಮ ಗುಜರಿಗೆ ಹಾಕ್ಬಿಟ್ಟ, ಮಹಾರಾಯ."

ಒಳಕೋಣೆಯ ಬಾಗಿಲಲ್ಲಿ ಗ್ಯಾಸ್ ಮಾವ ನಿಂತಿದ್ದರು. ಯಾರೂ ಕೇಳುವ ಮೊದಲೇ ಮಂಚದ ಕೆಳಗಿಂದ ಹಳೇ ಸೀರೆಯಲ್ಲಿ ಸುತ್ತಿದ ಫ್ರೇಮ್ ತಂದು ಇಟ್ಟರು.

"ಯಾಕೆ ತಗೊಂಡ್ರಿ?" ಅವಳು ಕೇಳಿದಳು.

"ಇವತ್ತು ಬಣ್ಣ ಬೀಳ್ತಿತ್ತಮ್ಮ. ಅರದ ಗುರುತೆಲ್ಲ ಮುಚ್ಚಿಹೋದ್ರೆ, ನಾಳೆ ನಾನೇ ನೋಡಿದ್ರೂ ಅವರದ್ದು ಅನ್ಸತ್ತೆ."

"ಕೇಳಿ ತಗೋಬಹುದಿತ್ತು."

"ಕೇಳ್ದೆ. ನಕ್ಕ."

ಹೆಂಡತಿ ಗಂಡನನ್ನು ನೋಡಿದರು, ಫ್ರೇಮನ್ನು ನೋಡಿದರು. "ಒಂದು ಮಾತು ಹೇಳಿದ್ರೆ ನಾನೂ ಬರ್ತಿದ್ನಲ್ರೀ, ಷಟರ್ ಹಿಡ್ಕೊಳ್ಳೋಕೆ." ಹೆಡ್ ಕಾನ್‌ಸ್ಟೆಬಲ್ ಕಿವಿ ಕೇಳದವನಂತೆ ಎದ್ದು ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಲು ಹೊರಗೆ ಹೋದ.

ಹನ್ನೆರಡೂವರೆಗೆ ಇನ್ಸ್‌ಪೆಕ್ಟರ್ ಬಂದರು, ದೂರುದಾರನೂ ಬಂದ. ಅಕ್ಕಪಕ್ಕದ ಮನೆಯ ಇಬ್ಬರು ಪಂಚರಾದರು.

"ನೀವೇ ಮಾಡಿದ್ದು ಅನ್ನೋಕೆ ಏನಾದ್ರೂ ಗುರುತು?" ಇನ್ಸ್‌ಪೆಕ್ಟರ್ ಕೇಳಿದರು.

ಗ್ಯಾಸ್ ಮಾವ ದೂರುದಾರನ ಕಡೆ ತಿರುಗಿದರು. "ಸೀಟಿನ ಕೊಳವೆ ಒಳಗೆ ಬೆರಳು ಹಾಕಪ್ಪ. ಹಿಂಭಾಗಕ್ಕೆ ಒಂದು ಹಿತ್ತಾಳೆ ಹನಿ ಸಿಗತ್ತೆ. ಬೆಸುಗೆ ಹಾಕುವಾಗ ಇವಳು ಹಿಂದಿನಿಂದ ಬಂದು ಮಾತಾಡಿಸಿದ್ಲು, ಕೈ ಜಾರ್ತು. ಬೇಕಂತ್ಲೇ ಉಜ್ಜದೆ ಬಿಟ್ಟೆ."

ದೂರುದಾರ ಬೆರಳು ಹಾಕಿದ. ಮೂರು ವಾರ ಪುಸ್ತಕ ತಿರುವಿದವನ ಬೆರಳು ಒಂದು ಕಡೆ ನಿಂತಿತು, ಅಲ್ಲೇ ಇತ್ತು, ಬಹಳ ಹೊತ್ತು ಹೊರಗೆ ಬರಲಿಲ್ಲ.

"ಅಜ್ಜ," ಎಂದ.

ಫ್ರೇಮನ್ನು ಅವನು ಗುಜರಿಯಿಂದ ನ್ಯಾಯವಾಗಿಯೇ ಕೊಂಡಿದ್ದ, ಕಳವು ಕಳವೇ. ಒಂದೂ ಐದಕ್ಕೆ ಗ್ಯಾಸ್ ಮಾವನ ದಸ್ತಗಿರಿ ದಾಖಲಾಯಿತು. ಜಪ್ತಿ ಪಂಚನಾಮೆಯಲ್ಲಿ ಪಂಚರ್ ಮೇಡಂ ಬರೆದಳು: 'ಗುರುತಿನ ಚಿಹ್ನೆ: ಗೇರ್ ಲಿವರ್‌ನ ಗುಬುಟು ಎಡಗಡೆ ಇದೆ. ಸೀಟಿನ ಕೊಳವೆಯೊಳಗೆ ಹಿತ್ತಾಳೆಯ ಒಂದು ಹನಿ ಇದೆ. ತಯಾರಿಸಿದವರು...' ಅಲ್ಲಿಗೆ ಪೆನ್ನು ನಿಲ್ಲಿಸಿ ತಲೆಯೆತ್ತಿದಳು.

"ಬರಿಯಮ್ಮ. ಗುರುತಿಗೆ ಬೇಕಲ್ಲ" ಎಂದರು ಇನ್ಸ್‌ಪೆಕ್ಟರ್, ಕಿಟಕಿಯ ಕಡೆ ನೋಡುತ್ತ.

ಅವಳು ಪೂರ್ತಿ ಹೆಸರು ಕೇಳಿ ಬರೆದಳು. ಮೂವತ್ತು ವರ್ಷದಲ್ಲಿ ಅವರು ಕೂಡಿಸಿದ ಯಾವ ಫ್ರೇಮಿನ ಮೇಲೂ ಇರದಿದ್ದ ಹೆಸರನ್ನು ಮೊದಲ ಸಲ ಬರೆದದ್ದು ಪೊಲೀಸರು.

ಪಂಚರು ಸಹಿ ಹಾಕಿದರು. ಪೆನ್ನು ಗ್ಯಾಸ್ ಮಾವನ ಕೈಗೆ ಬಂತು. ಅವರು ಸಹಿ ಹಾಕದೆ ಕೂತರು.

"ಏನು, ತಪ್ಪಿದೆಯಾ?"

"ಇಲ್ಲಮ್ಮ. ಆ ಕೊನೇ ಸಾಲು ಇನ್ನೊಂದ್ಸಲ ಓದು. ಜೋರಾಗಿ ಓದು, ಇವಳಿಗೂ ಕೇಳ್ಲಿ."

ಅವಳು ಓದಿದಳು.