ನಾಲಿಗಿ ಮ್ಯಾಲ ನ್ಯಾನೋ

ಚಾಕು ನನ್ನ ಗಂಟಲಿಗಿ ತಾಗಿತ್ರಿ.

ಆದ್ರ ನನ್ನ ತಮ್ಮ ನೋಡ್ಲತ್ತಿದ್ದು ಚಾಕು ಅಲ್ಲ... ಮ್ಯಾಲಿನ ಫ್ಯಾನು!

"ಅಕ್ಕಾ, ಕರೆಂಟ್ ಬರೋದ್ರಾಗ ಆ ಸ್ವಿಚ್ ಬಂದ್ ಮಾಡಿಸು!"

ಕುರ್ಚಿಗಿ ಕಟ್ಟಿಹಾಕಿದ್ರು ಅವನ್ನ. ಆದ್ರೂ ಒದರ್ಲತ್ತಿದ್ದ. ನನಗ ಸಿಟ್ಟು ನೆತ್ತಿಗೇರ್ತು. ಅಕ್ಕನ ಕುತ್ತಿಗಿ ಕೊಯ್ಲಾಕ ನಿಂತಾರ, ಇವಗ ಫ್ಯಾನಿನ ಚಿಂತಿ!

ನಾ ಯಾರು ಅಂತ ಹೇಳ್ತೇನಿ. ಆಮ್ರಪಾಲಿ. ಬೀದರದಾಗ ಕಳುವಾದ ಮಾಲು ಹುಡುಕಿ ಕೊಡೋದು ನನ್ನ ಧಂದಾ. ಪೊಲೀಸರು "ನೋಡೋಣು" ಅಂದಮ್ಯಾಲ ಜನ ನನ್ನ ಕಡಿ ಬರ್ತಾರ.

ತಮ್ಮ ಸುಶೀಲಕುಮಾರ ಕೆಮಿಸ್ಟ್ರಿ ಓದಿದಾಂವ. ಕೊಳಾರದಾಗ ಸಣ್ಣ ಶೆಡ್ ಹಿಡಿದು ನ್ಯಾನೋ ಬೆಳ್ಳಿ ಪುಡಿ ಮಾಡ್ತಾನ. ಕಣ್ಣಿಗಿ ಕಾಣದಷ್ಟು ಸಣ್ಣ ಕಣ. ಮಣ್ಣಿನ ಫಿಲ್ಟರಿನಾಗ ಕೂಡಿಸಿ ಸುಟ್ರ ಅಲ್ಲೇ ಕಚ್ಚಿಕೊಂಡು ಕೂಡ್ತದ, ನೀರಾಗಿನ ಕ್ರಿಮಿ ಕೊಲ್ತದ. ಔರಾದ ಕಡಿ ಸಾಲಿಗಳಿಗಿ ಅವನ ಫಿಲ್ಟರ್ ಹೋದಮ್ಯಾಲ ಹುಡುಗರ ವಾಂತಿ-ಭೇದಿ ಎಷ್ಟೋ ಕಮ್ಮಿ ಆಗ್ಯಾವ.

ಆ ಮಧ್ಯಾಹ್ನ ನಾ ಶೆಡ್ಡಿನ ತಿರುವು ಮುಟ್ಟೋದ್ರಾಗ ಅಲ್ಲಿಗಿ ಒಂದು ವ್ಯಾನ್ ಬಂತು. ಪುಡಿ ಡಬ್ಬಿನೂ ಒಯ್ತು, ತಮ್ಮನ್ನೂ ಒಯ್ತು!

ಬುಲೆಟ್ ಹತ್ತಿ ಬೆನ್ನು ಹತ್ತಿದೆ. ಭಾಲ್ಕಿ ಊರಾಗ ಒಬ್ಬ ಆಟೋದಾಂವನ ಕಡಿಂದ ಬೈಸ್ಕೊಂಡೆ. ಸಾಯಗಾಂವ ರಸ್ತಾದಾಗ ಒಂದು ಗೋದಾಮಿನ ಮುಂದ ವ್ಯಾನ್ ನಿಂತಿತ್ತು. ಒಳಗ ಕಾಲಿಟ್ಟೆ... ಬಾಗಿಲ ಹಿಂದಿಂದ ಡ್ರೈವರ್ ಚಾಕು ಹಿಡಿದ.

ಎದುರಿಗಿ ಅವನ ಮಾಲಕ ಹಾವಗೆಪ್ಪ. ಲೋಹದಾಗ ಬೆಳ್ಳಿ ಕೂಡಿಸೋ ಬಿದ್ರಿ ಕೆಲಸದವರಿಗಿ ಬೀದರ ಕ್ವಾಟಿಯೊಳಗಿನ ಮಣ್ಣು ಮಾರಾಂವ. ಬಿದ್ರಿ ಸಾಮಾನು ಕರ್ರಗ ಆಗ್ಬೇಕಂದ್ರ ಆ ಹಳೀ ಮಣ್ಣೇ ಬೇಕು. ಮಣ್ಣು ಛಲೋ ಅದನೋ ಇಲ್ಲೋ ಅಂತ ನಾಲಿಗಿಗಿ ಹಚ್ಚಿ ನೋಡೋದು ಅವರ ರೂಢಿ.

ಮೇಜಿನ ಮ್ಯಾಲ ಡಬ್ಬಿ. ಮುಚ್ಚಳ ತೆಗೆದಿತ್ತು!

"ಇದು ಬೆಳ್ಳಿನಾ? ಕಾಡಿಗಿ ಇದ್ದಂಗ ಅದಲ್ಲಲೇ!"

"ಅಷ್ಟು ಸಣ್ಣ ಆದ್ರ ಬೆಳ್ಳಿ ಹಂಗೇ ಕಾಣ್ತದರಿ," ಅಂದ ಸುಶೀಲ. "ಮುಚ್ಚಳ ಹಾಕ್ರಿ! ಗಾಳಿಗಿ ಹಾರಿದ್ರ ಎಲ್ಲಾರ ಎದಿಯೊಳಗ ಹೋಗಿ ಕೂಡ್ತದ."

"ನಮ್ಮ ಅಜ್ಜ ಬೆಳ್ಳಿ ತಾಟಿನ್ಯಾಗ ಉಂಡಾನ. ಸುಮ್ನ ಕರಗಿಸಿ ಕೊಡು!"

ಆಗ ನನಗ ಫ್ಯಾನಿನ ಮಾತು ತಿಳೀತು. ಸ್ವಿಚ್ ಚಾಲೂ ಅದ. ಕರೆಂಟ್ ಹೋಗೇದ. ಡಬ್ಬಿ ಫ್ಯಾನಿನ ಬುಡಕ್ಕೇ ಅದ. ಕರೆಂಟ್ ಬಂತು ಅಂದ್ರ... ಮುಗೀತು!

ಹೆದರಿಕಿ ಆತ್ರಿ. ಸುಳ್ಳ್ಯಾಕ ಹೇಳ್ಲಿ? ಅವ್ವ ಹೋದಮ್ಯಾಲ ನಾ ಕೈತುತ್ತು ಹಾಕಿ ಬೆಳಸಿದ ಹುಡುಗ ಅಂವ.

ಹಾವಗೆಪ್ಪ ಬೆರಳು ಎಂಜಲು ಮಾಡಿಕೊಂಡ. ಪುಡ್ಯಾಗ ಅದ್ದಿದ. ಸೀದಾ ನಾಲಿಗಿಗಿ!

ಎಂಥಾ ರೂಢಿರಿ!

"ನುಂಗಿದ್ಯಾ?" ಅಂದೆ.

"ಹೂಂ. ಏ, ಯಾಕ?"

"ಏನಿಲ್ಲ... ಮನ್ಯಾಗ ಯಾರ್ಯಾರ ಇದ್ದಾರ?"

"ಅದ್ಯಾಕ ಕೇಳ್ತಿ?"

"ಹಾರಿದ್ರೇ ಇಂವ ಇಷ್ಟು ಹೆದರ್ತಾನ. ನೀ ತಿಂದೇ ಬಿಟ್ಟಿ! ತಾಸಿನ್ಯಾಗ ರಕ್ತದಾಗ ಹೊಕ್ತದ. ಆಮ್ಯಾಲ ದೇವರೇ ಗತಿ."

"ಅಕ್ಕಾ, ಅಷ್ಟಕ್ಕ ಏನೂ ಆಗ..." ಅಂತ ಸುಶೀಲ ಬಾಯಿ ತೆಗದ.

ಕುರ್ಚಿಗಿ ಒಂದು ಒದ್ದೆ. ಕುರ್ಚಿ ಸಮೇತ ಬಿದ್ದ.

ಹಾವಗೆಪ್ಪನ ಮಾರಿ ಇಳೀತು. ಅಲ್ಲಿತನಕ "ಏ" ಅನ್ನಾಂವ ತಟ್ಟನ ಮೆತ್ತಗಾದ.

"ಅಕ್ಕಾರ... ಔಷಧ ಅದನ್ರಿ?"

"ಗೊತ್ತಿದ್ದಾಂವ ಒಬ್ಬನೇ. ನೆಲದ ಮ್ಯಾಲ ಬಿದ್ದಾನ ನೋಡು. ಮುಚ್ಚಳ ಹಾಕು! ಸ್ವಿಚ್ ಬಂದ್! ಚಾಕು ಕೆಳಗ!"

ಚಾಕು ಠಣ್ ಅಂತು. ಡ್ರೈವರ್ ಸ್ವಿಚ್ಚಿನ ಕಡಿ ಓಡಿದ. ಹಾವಗೆಪ್ಪ ಎರಡೂ ಕೈಲೆ ಮುಚ್ಚಳ ಒತ್ತಿದ.

ಟಕ್!

ಅಷ್ಟ್ರಾಗ ಟ್ಯೂಬ್‌ಲೈಟ್ ಹತ್ತಿತು. ಕರೆಂಟ್ ಬಂತು! ಫ್ಯಾನ್ ಅಲ್ಲಾಡಲಿಲ್ಲ. ನಾ ಸುಶೀಲನ ಹಗ್ಗ ಬಿಚ್ಚಿದೆ.

ಡ್ರೈವರ್‌ನ್ನ ಬಾಜೂಕ ಕೂಡಿಸಿ ಹಾವಗೆಪ್ಪನೇ ವ್ಯಾನ್ ಓಡಿಸಿದ. ಭಾಲ್ಕಿ ದವಾಖಾನಿಗಿ ಅಂತ ಹಾರ್ನ್ ಹೊಡಕೋತ! ಹಿಂದ ಕೂತು ನಾ ಪೊಲೀಸರಿಗಿ ಫೋನ್ ಮಾಡಿದೆ. ಅವಗ ಕೇಳೋ ವ್ಯಾಳ್ಯಾ ಎಲ್ಲಿತ್ತು? ಡಾಕ್ಟರ್ ಬಾಯಿ ನೋಡಿ, ಬಾಯಿ ತೊಳಸಿ, "ಏನೂ ಆಗಿಲ್ಲ" ಅಂದ್ರು. ಬಾಗಿಲದಾಗ ಬೇಡಿ ಕಾಯ್ಲತ್ತಿತ್ತು.

ಸುಶೀಲನ ಮಾರಿ ಗಂಟಿಕ್ಕಿತ್ತು. "ಅಕ್ಕಾ, ವಿಜ್ಞಾನದ ಹೆಸರಿನ್ಯಾಗ ಅಷ್ಟು ಸುಳ್ಳಾ?"

"ಖರೇ ನೀ ಹೇಳಿದ್ಯಲ್ಲ. ಯಾರರೆ ಕೇಳಿದ್ರಾ?"

ಪೊಲೀಸ್ ಜೀಪಿನ್ಯಾಗಿಂದ ಹಾವಗೆಪ್ಪ ತಲಿ ಹೊರಗ ಹಾಕಿದ. ಇನ್ನಾ ನಂಬಿಕಿ ಇರಲಿಲ್ಲ ಅವಗ.

"ಅಕ್ಕಾರ... ನಾ ಖರೇನೇ ಬದುಕ್ತೇನಿಲ್ರಿ?"

"ಭರಪೂರ ಬದುಕ್ತಿ ಹಾವಗೆಪ್ಪ... ಸರ್ಕಾರಿ ಖರ್ಚಿನ್ಯಾಗ!"